ಎರಡನೇ ಪೊಟ್ಟಣದ ಹತ್ತು ಕವರು

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 54 ವರ್ಷ, ಉದ್ಯೋಗ ಬಟ್ಟೆ ಆಲ್ಟರೇಷನ್, ಅಂದರೆ ಪ್ಯಾಂಟಿನ ಕಾಲು ಮಡಿಸುವುದು, ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮನೆ ನಂಬರ್ 17, ಎರಡನೇ ಮಹಡಿ, ಅಂಗಡಿ ಅದೇ ಕಟ್ಟಡದ ಮೆಟ್ಟಿಲ ಕೆಳಗೆ, ಈ ದಿನ ಸಂಜೆ 5-20ಕ್ಕೆ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಯಜಮಾನರು, ವಯಸ್ಸು 62, ಮನೆಮನೆ ತಿರುಗಿ ಕರೆಂಟ್ ಮೀಟರ್ ಓದುವ ಕೆಲಸದಲ್ಲಿದ್ದು ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು. ಈಗ ಹೊರಗಿನ ಬೆಂಚಿನ ಮೇಲೆ ಕೂತಿರುವವರು ಅವರೇ. ಔಷಧಿ ಅಂಗಡಿಯವರೊಬ್ಬರಿಗೆ ಹೊಡೆದಿದ್ದಾರೆಂದು ಅವರನ್ನು ಕರೆತಂದಿದ್ದೀರಿ. ಹೊಡೆದದ್ದು ನಿಜ. ಯಾಕೆ ಹೊಡೆದರು ಎನ್ನುವುದನ್ನು ಮೊದಲಿಂದ ಹೇಳಬೇಕಾಗುತ್ತದೆ. ಸಾಹೇಬರು ಚುಟುಕಾಗಿ ಹೇಳಿ ಎಂದಿದ್ದಾರೆ, ಪ್ರಯತ್ನ ಮಾಡುತ್ತೇನೆ.

ನಿವೃತ್ತರಾದ ಮೇಲೆ ಯಜಮಾನರು ಪ್ರತಿ ಭಾನುವಾರ ಬೆಳಿಗ್ಗೆ 10 ಗಂಟೆಗೆ ಬಸ್ ನಿಲ್ದಾಣದ ಎದುರಿನ ಕಾರ್ಡಿನ ಅಂಗಡಿಗೆ ಹೋಗುತ್ತಾರೆ. ಇದು ಇಸ್ಪೀಟ್ ಅಲ್ಲ, ಜೂಜೂ ಅಲ್ಲ. ಯೋಧರು, ಮಾಂತ್ರಿಕರು, ಪ್ರಾಣಿಗಳ ಚಿತ್ರವಿರುವ ಸಾವಿರಾರು ಬಗೆಯ ಕಾರ್ಡುಗಳಲ್ಲಿ ಒಬ್ಬೊಬ್ಬರೂ ತಮ್ಮದೇ ಅರವತ್ತನ್ನು ಆರಿಸಿ ಒಂದು ಡೆಕ್ ಕಟ್ಟಿಕೊಂಡು ಎದುರಾಳಿಯ ಜೊತೆ ಆಡುತ್ತಾರೆ. ಸ್ಪರ್ಧೆಯಲ್ಲಿ ಆಡಬೇಕಾದರೆ ಕಳೆದ ಎರಡು ವರ್ಷದಲ್ಲಿ ಬಂದ ಕಾರ್ಡುಗಳೇ ಆಗಬೇಕು. ಅಲ್ಲಿ ಇವರಿಗೆ ಮೀಟರಣ್ಣ ಎಂದು ಹೆಸರು. ಬಹಳ ಮಾತುಗಾರರಂತೆ. ಗಿರಾಕಿಯೊಬ್ಬರು ಹಾಗೆಂದಾಗ ಅದು ಬೇರೆ ಯಾರೋ ಇರಬೇಕು ಎಂದುಕೊಂಡಿದ್ದೆ. ಮನೆಯಲ್ಲಿ ನಮ್ಮ ಮಾತು ನೀರು ಬಂತಾ, ಗ್ಯಾಸ್ ಮುಗೀತಾ ಎನ್ನುವಲ್ಲಿಗೆ ನಿಂತುಬಿಡುತ್ತದೆ. ಜಗಳವೇನೂ ಇಲ್ಲ. ಜಗಳಕ್ಕೂ ಮಾತು ಬೇಕಲ್ಲ.

ಸುಮಾರು ಮೂರು ತಿಂಗಳ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ 2-30ಕ್ಕೆ, ನನ್ನ ಅಂಗಡಿಗೆ ಬೀಗ ಹಾಕಿ ಆ ಕಾರ್ಡಿನ ಅಂಗಡಿಗೆ ಹೋದೆ. ನಡೆದು ಹೋದರೆ ಹನ್ನೆರಡು ನಿಮಿಷ. ನನಗೂ ಒಂದು ಡೆಕ್ ಕಟ್ಟಿಕೊಡಬೇಕು, ಮೀಟರಣ್ಣನಿಗೆ ಹೇಳಬಾರದು ಎಂದು ಅಂಗಡಿಯವರಿಗೆ ಹೇಳಿದೆ. ಅವರು ನಗಲಿಲ್ಲ. ಕಟ್ಟಿಕೊಡುವುದಲ್ಲ, ಕಟ್ಟಿಕೊಳ್ಳಬೇಕು ಎಂದು ಹೇಳಿ ಸ್ಟೂಲು ಕೊಟ್ಟರು. ಅದಾದ ಮೇಲೆ ವಾರಕ್ಕೆರಡು ದಿನ ಹೋಗುತ್ತಿದ್ದೆ.

ನಾನು ಆರಿಸಿಕೊಂಡದ್ದು ಎಪ್ಪತ್ತೆರಡು ಕಾರ್ಡು. ಹನ್ನೆರಡು ಬಿಡಬೇಕಿತ್ತು. ಬಟ್ಟೆಗೆ ಕತ್ತರಿ ಹಾಕುವಾಗ ಹಿಂಜರಿಯದವರು ಇಲ್ಲೇಕೆ ಹಿಂಜರಿಯುತ್ತೀರಿ ಎಂದು ಅಂಗಡಿಯವರು ತಮಾಷೆ ಮಾಡಿದರು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಇರುತ್ತದೆ, ಇಲ್ಲೆಲ್ಲಿದೆ ಎಂದೆ. ಮೊದಲು ಬಲದ ಕಾರ್ಡುಗಳಲ್ಲೇ ಹನ್ನೆರಡನ್ನು ತೆಗೆದುಹಾಕಿದೆ, ಅವುಗಳ ಮೇಲೆ ಚೆಂದದ ಚಿತ್ರವಿರಲಿಲ್ಲ. ಆದರೆ ಬಲದ ಕಾರ್ಡು ಮೇಜಿನ ಮೇಲಿದ್ದರೆ ಮಾತ್ರ ಯೋಧರನ್ನು ಇಳಿಸಲು ಆಗುವುದು. ಅಂಗಡಿಯವರ ಕೈಲಿ ಹನ್ನೊಂದು ಸಲ ಸೋತ ಮೇಲೆ ಬಲ ಸಾಲದ ಡೆಕ್ಕು ಅಸ್ತರಿಲ್ಲದ ಕೋಟು ಎಂದು ಅರ್ಥವಾಗಿ ಹನ್ನೆರಡನ್ನೂ ವಾಪಸ್ ಸೇರಿಸಿದೆ. ಅರವತ್ತಕ್ಕೆ ಇಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನಾನು ಖುಷಿಯಾಗಿದ್ದೆ. ಇದನ್ನೂ ಬರೆದುಕೊಳ್ಳಿ.

ಕಾರ್ಡು ಸವೆಯದಿರಲೆಂದು ಒಂದೊಂದಕ್ಕೂ ಪ್ಲಾಸ್ಟಿಕ್ ಕವರು ಹಾಕುವುದು ಪದ್ಧತಿ. ನಾನು ಮೊದಲು ಕೊಂಡ ಪೊಟ್ಟಣದಲ್ಲಿ ಐವತ್ತಿದ್ದವು. ಕಳೆದ ಗುರುವಾರ ಅದೇ ಬಣ್ಣದ ಇನ್ನೊಂದು ಪೊಟ್ಟಣ ಕೊಂಡು ಅದರಲ್ಲಿ ಹತ್ತನ್ನು ತೆಗೆದು, ನನ್ನ ಡೆಕ್ಕಿನಲ್ಲೇ ಒಳ್ಳೆಯ ಹತ್ತು ಕಾರ್ಡುಗಳಿಗೆ ಹಾಕಿದೆ. ಒಳ್ಳೆಯದಕ್ಕೆ ಹೊಸದಿರಲಿ ಎಂಬುದಷ್ಟೇ ತಲೆಯಲ್ಲಿದ್ದದ್ದು. ಅರವತ್ತೂ ಸಿಗುವ ದೊಡ್ಡ ಪೊಟ್ಟಣ ಕೊಂಡು ಎಲ್ಲವನ್ನೂ ಒಂದರಿಂದಲೇ ಹಾಕಬೇಕು ಎಂದು ಅಂಗಡಿಯವರು ಹೇಳಿದ್ದರೋ ಇಲ್ಲವೋ ನೆನಪಿಲ್ಲ. ಆಗ ಮೋಸದ ಉದ್ದೇಶ ಇರಲಿಲ್ಲ.

ಈ ದಿನ ಭಾನುವಾರ ಬೆಳಿಗ್ಗೆ ಯಜಮಾನರು ಹೊರಟ ಅರ್ಧ ಗಂಟೆಗೆ ನಾನೂ ಹೊರಟು 10-45ಕ್ಕೆ ಅಂಗಡಿಯ ಮಹಡಿ ಮೇಲಿನ ಹಾಲ್ ತಲುಪಿ ಸ್ಪರ್ಧೆಗೆ ಹೆಸರು ಕೊಟ್ಟೆ. ಇಪ್ಪತ್ತೆಂಟು ಜನರಿದ್ದರು. ನನ್ನನ್ನು ನೋಡಿದ ಯಜಮಾನರು ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದರು. ಆಡಲು ಬಂದಿದ್ದೇನೆ ಎಂದೆ. ನನ್ನ ಮೇಜನ್ನು ತಮ್ಮ ಕರ್ಚೀಫಿನಿಂದ ಒರೆಸಿಕೊಟ್ಟು ತಮ್ಮ ಜಾಗಕ್ಕೆ ಹೋದರು.

ಮೊದಲ ಸುತ್ತು 11-10ಕ್ಕೆ ಶುರುವಾಗಿ 11-50ಕ್ಕೆ ಮುಗಿಯಿತು. ಗೆದ್ದೆ. ಯಜಮಾನರು ಟೀ ತಂದುಕೊಟ್ಟು, ಯಾವ ಕಾರ್ಡಿನಿಂದ ಗೆದ್ದೆ, ಎದುರಿನವರು ಏನು ಇಳಿಸಿದ್ದರು, ಆ ಹೊತ್ತಿಗೆ ನೀನು ಯಾಕೆ ಕಾದೆ ಎಂದೆಲ್ಲ ಕೇಳಿದರು. ಕೇಳಿ, ಉತ್ತರಕ್ಕೆ ಕಾದರು. ಇಪ್ಪತ್ತೈದು ನಿಮಿಷ ಮಾತಾಡಿದೆವು. ಅಷ್ಟು ಹೊತ್ತು ಒಟ್ಟಿಗೆ ಮಾತಾಡಿ ಎಷ್ಟು ವರ್ಷವಾಗಿತ್ತು ಎಂದು ನಾನು ಹೇಳಲಾರೆ.

ಎರಡನೇ ಸುತ್ತು 12-15ಕ್ಕೆ. ಮೂರನೇ ಸರದಿಯಲ್ಲಿ ಡೆಕ್ಕಿನ ಮೇಲೆ ಬೆರಳಿಟ್ಟಾಗ ಮೇಲಿನ ಕಾರ್ಡಿನ ಅಂಚು ಕೂದಲೆಳೆಯಷ್ಟು ಮುಂದೆ ಬಂದಂತಾಯಿತು. ಎತ್ತಿ ನೋಡಿದರೆ ಹೊಸ ಕವರಿನದು. ಎರಡನೇ ಪೊಟ್ಟಣದ ಕವರುಗಳು ಚೂರು ಉದ್ದ. ಕಣ್ಣಿಗೆ ಕಾಣುವುದಿಲ್ಲ. ನಾನು ಮೂವತ್ತು ವರ್ಷದಿಂದ ಮಡಿಕೆಯ ಒಳಗಿನ ಹೊಲಿಗೆಯನ್ನು ನೋಡದೆ ಬೆರಳಲ್ಲೇ ಹುಡುಕುವವಳು. ಒಂದು ಸಲ ತಿಳಿದದ್ದನ್ನು ನನ್ನ ಬೆರಳು ಮರೆಯುವುದಿಲ್ಲ.

ನನ್ನ ಡೆಕ್ಕಿನಲ್ಲಿ ಕಾವಲುಗಾರ ಎಂಬ ಕಾರ್ಡಿದೆ. ಅದನ್ನು ಇಳಿಸಿದರೆ ಪ್ರತಿ ಸರದಿಯಲ್ಲೂ ಮೇಲಿನ ಕಾರ್ಡನ್ನು ನೋಡದೆಯೇ ಡೆಕ್ಕಿನ ಅಡಿಗೆ ಹಾಕಬಹುದು. ಆಮೇಲೆ ಒಳ್ಳೆಯದು ಬರುವುದು ಬಿಡುವುದು ಅದೃಷ್ಟ ಇದ್ದಂತೆ. ನನಗೆ ಅದೃಷ್ಟ ಬೇಕಾಗಲಿಲ್ಲ. ಗಿಡ್ಡ ಕವರು ಬಂದರೆ ಅಡಿಗೆ ಹಾಕಿದೆ, ಉದ್ದದ್ದು ಬಂದರೆ ಎತ್ತಿಕೊಂಡೆ. ಎರಡನೇ ಸುತ್ತಿನಲ್ಲಿ ಹೀಗೆ ನಾಲ್ಕು ಸಲ ಮಾಡಿದೆ. ತೀರ್ಪುಗಾರರಾದ ಮೇಡಂ ನನ್ನ ಹಿಂದೆ ಆರು ಅಡಿ ದೂರದಲ್ಲೇ ನಿಂತಿದ್ದರು. ಕೈ ಎತ್ತಿ ಕರೆದು ಕವರು ಬದಲಿಸಿಕೊಳ್ಳುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಕರೆಯಲಿಲ್ಲ. ಗೆದ್ದರೆ ಯಜಮಾನರು ಮತ್ತೆ ಟೀ ತಂದು ಪಕ್ಕದಲ್ಲಿ ಕೂರುತ್ತಾರೆ ಎಂಬುದಷ್ಟೇ ಮನಸ್ಸಿನಲ್ಲಿತ್ತು. ಗೆದ್ದೆ. ತಂದರು, ಕೂತರು. ನೀನು ಇಷ್ಟು ಚೆನ್ನಾಗಿ ಆಡ್ತೀಯ ಅಂತ ಗೊತ್ತೇ ಇರಲಿಲ್ಲ ಎಂದರು. ಅವರ ಮುಖ ನೋಡದೆ ಟೀ ಕುಡಿದೆ.

ಮೂರನೇ ಸುತ್ತಿನಲ್ಲಿ, ಮಧ್ಯಾಹ್ನ 1-40ಕ್ಕೆ, ನನ್ನ ಎದುರು ಕೂತವರು ಔಷಧಿ ಅಂಗಡಿಯವರು, ಸುಮಾರು 35 ವರ್ಷ. ಈ ಸುತ್ತಿನಲ್ಲೂ ಹಾಗೆಯೇ ಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದರು. 2-05ಕ್ಕೆ ತೀರ್ಪುಗಾರರನ್ನು ಕರೆದರು. ಮೇಡಂ ನನ್ನ ಅರವತ್ತೂ ಕಾರ್ಡು ಹರಡಿ ಸ್ಟೀಲ್ ಸ್ಕೇಲಿನಲ್ಲಿ ಅಳೆದು, ಹತ್ತು ಕವರು ಅರ್ಧ ಮಿಲಿಮೀಟರ್ ಉದ್ದ ಇವೆ, ಹತ್ತೂ ಒಳ್ಳೆಯ ಕಾರ್ಡುಗಳೇ ಎಂದರು. ಬೇಕೆಂದೇ ಮಾಡಿದ್ದಾ ಎಂದು ನನ್ನನ್ನು ಕೇಳಿದರು. ಗೊತ್ತಿರಲಿಲ್ಲ ಎಂದೆ. ಹಾಕುವಾಗ ಗೊತ್ತಿರಲಿಲ್ಲ ಎಂಬುದು ನಿಜ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೆ ಗೊತ್ತಿತ್ತು.

ಔಷಧಿ ಅಂಗಡಿಯವರು ಎದ್ದು ನಿಂತು, ಇದು ಶುದ್ಧ ಮೋಸ, ಗಂಡನೇ ಹೇಳಿಕೊಟ್ಟಿರಬೇಕು ಎಂದು ಜೋರಾಗಿ ಹೇಳಿದರು. ಯಜಮಾನರು ನಾಲ್ಕು ಮೇಜು ಆಚೆಯಿಂದ ಬಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸುತ್ತೇನೆ. "ಮೂವತ್ತೊಂದು ವರ್ಷದಿಂದ ನೋಡ್ತಿದೀನಿ. ಹೊಲಿಗೆ ಒಂದೆಳೆ ವಾರೆ ಹೋದ್ರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯೋಳು ಅವಳು. ನನ್ನ ಬೇಕಾದ್ರೆ ಕಳ್ಳ ಅನ್ನು. ಅವಳನ್ನ ಅನ್ಬೇಡ." ಔಷಧಿ ಅಂಗಡಿಯವರು ನನ್ನನ್ನು ಕಳ್ಳಿ ಅಂದೇ ಬಿಟ್ಟರು. ಯಜಮಾನರು ಬಲಗೈಯಿಂದ ಒಂದು ಸಲ ಹೊಡೆದರು. ಔಷಧಿ ಅಂಗಡಿಯವರ ಕನ್ನಡಕ ಒಡೆದು, ತುಟಿಗೆ ಎರಡು ಹೊಲಿಗೆ ಬಿದ್ದಿವೆ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಮೂವತ್ತೊಂದು ವರ್ಷದಲ್ಲಿ ಯಜಮಾನರು ಯಾರ ಮೇಲೂ ಕೈ ಮಾಡಿದ್ದನ್ನು ನಾನು ಕಂಡಿಲ್ಲ. ಆಗಲೇ ನಾನು ಬಾಯಿ ಬಿಡಬೇಕಿತ್ತು. ನಾಚಿಕೆಯಿಂದ ಬಿಡಲಿಲ್ಲ.

ಯಜಮಾನರು ಈಗಾಗಲೇ ತಮ್ಮ ಹೇಳಿಕೆಯಲ್ಲಿ, ಏನೂ ಅರಿಯದ ಹೆಂಡತಿಯ ಮರ್ಯಾದೆ ಕಳೆದರೆಂದು ಹೊಡೆದೆ ಎಂದು ಬರೆಸಿದ್ದಾರೆ. ನಾನೂ ಅದನ್ನೇ ಬರೆಸಿದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಬಹುದು ಎಂದು ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಅದನ್ನು ಬರೆಸಲಾರೆ. ಔಷಧಿ ಅಂಗಡಿಯವರು ನನ್ನ ಬಗ್ಗೆ ಹೇಳಿದ್ದು ನಿಜ, ನನ್ನ ಗಂಡನ ಬಗ್ಗೆ ಹೇಳಿದ್ದು ಸುಳ್ಳು. ಅವರ ಮೇಲೆ ನನ್ನ ದೂರಿಲ್ಲ. ಮೇಡಂ ಒಂದು ವರ್ಷ ಸ್ಪರ್ಧೆಗೆ ಬರಬಾರದು ಎಂದಿದ್ದಾರೆ, ಒಪ್ಪಿದ್ದೇನೆ. ಯಜಮಾನರು ಹೊಡೆದದ್ದು ತಪ್ಪೇ. ಆದರೆ ನನ್ನನ್ನು ನಂಬಿ ಹೊಡೆದರು ಎಂಬುದನ್ನು ಅವರ ಕಾಗದದ ಜೊತೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು ಮತ್ತು ಮಾಡಿದ್ದು, ಯಾರ ಒತ್ತಾಯವೂ ಇಲ್ಲ. ಸಹಿಗೆ ಮೊದಲು ಇದನ್ನು ನನಗೆ ಓದಿ ಹೇಳಬೇಕೆಂಬುದು ನಿಯಮವಂತೆ. ಯಜಮಾನರು ಕೂತಿರುವ ಬೆಂಚು ಈ ಬಾಗಿಲಿನಿಂದ ನಾಲ್ಕು ಅಡಿ ದೂರದಲ್ಲಿದೆ, ಬಾಗಿಲು ಹಾಕಿಕೊಂಡು ಮೆಲ್ಲಗೆ ಓದಲೇ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ಬೇಡ, ಬಾಗಿಲು ತೆರೆದೇ ಇರಲಿ, ಗಟ್ಟಿಯಾಗಿ ಓದಿ ಎಂದು ಹೇಳಿದ್ದೇನೆ.

ಸ್ಥಳ: ಠಾಣೆ, ಒಳಗಿನ ಕೋಣೆ
ದಿನ: ಭಾನುವಾರ, ಸಂಜೆ 6-35
ಓದಿದ್ದನ್ನು ಇಬ್ಬರೂ ಕೇಳಿರುತ್ತೇವೆ.
ಸಹಿ