ಬಾಗಿಲು ದಾಟುವ ವಿಮಾನಕ್ಕೆ ಬೀಳ್ಕೊಡುಗೆ

ಅಧ್ಯಕ್ಷ ಸ್ಥಾನದಲ್ಲಿರುವ, ಈ ವಿಮಾನ ರಿಪೇರಿ ಶೆಡ್ಡಿನ ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್, ನಾವೆಲ್ಲ ಸ್ಪ್ಯಾನರ್ ಮಾಮ ಎಂದು ಕರೆಯುವ ಹಿರಿಯರೇ, ವೇದಿಕೆಯ ಮೇಲಿರುವ ಬ್ಯಾಂಕಿನ ಅಧಿಕಾರಿಗಳೇ, ನಮ್ಮ ವಕೀಲರೇ, ಇವತ್ತೊಂದು ದಿನವಾದರೂ ಕೈಯ ಗ್ರೀಸ್ ತೊಳೆದುಕೊಂಡು ಬಂದಿರುವ ಸಹೋದ್ಯೋಗಿಗಳೇ, ಸಭಿಕರೇ,

ಮನುಷ್ಯರಿಗೆ ಬೀಳ್ಕೊಡುಗೆ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ವಿಮಾನಕ್ಕೆ ಮಾಡುವವರು ಬಹುಶಃ ನಾವೊಬ್ಬರೇ. ವರ್ಷ ದಾಟಿ ನಮ್ಮಲ್ಲಿ ನಿಂತ ವಿಮಾನ ಹೊರಡುವಾಗ ಒಂದು ಸಭೆ, ಒಂದು ಭಾಷಣ, ಎಲ್ಲರಿಗೂ ಟೀ. ಇದು ನಮ್ಮ ತಂದೆಯವರು ಹಾಕಿಕೊಟ್ಟ ಪದ್ಧತಿ. ಅವರ ಭಾಷಣ ಟೀ ಕುದಿಯುವುದರೊಳಗೆ ಮುಗಿಯುತ್ತಿತ್ತು. ನನ್ನ ಕೈಲಿ ಅದಾಗುವುದಿಲ್ಲ, ಕ್ಷಮಿಸಬೇಕು.

ನನ್ನ ಹಿಂದೆ ನಿಂತಿರುವುದು ಎರಡು ಎಂಜಿನ್ನಿನ ಸರಕು ವಿಮಾನ. ಎರಡು ವರ್ಷದಿಂದ ಇಲ್ಲಿಯೇ ಇದೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುತ್ತಾರೆ: ರಿಪೇರಿ ಎಂದೋ ಮುಗಿದಿದೆಯಲ್ಲ, ಮತ್ತೇಕೆ ಕಟ್ಟಿಹಾಕಿಕೊಂಡಿದ್ದೀರಿ? ನ್ಯಾಯವಾದ ಪ್ರಶ್ನೆ. ಉತ್ತರ ಹೇಳುತ್ತೇನೆ. ತಪ್ಪಿದರೆ ವಕೀಲರು ತಿದ್ದಲಿ, ಅದಕ್ಕೆ ಪ್ರತ್ಯೇಕ ಫೀಸು ಕೇಳದಿರಲಿ.

ವಿಮಾನ ಕೊಳ್ಳಲು ಸಾಲ ಕೊಟ್ಟ ಬ್ಯಾಂಕಿಗೆ ಆ ವಿಮಾನದ ಮೇಲೆ ಹಕ್ಕಿರುತ್ತದೆ. ಆ ಹಕ್ಕನ್ನು ಬ್ಯಾಂಕಿನವರು ನೋಂದಣಿ ಮಾಡಿಸುತ್ತಾರೆ. ವಿಮಾನದ ಮೈಗೊಂದು, ಒಂದೊಂದು ಎಂಜಿನ್ನಿಗೂ ಒಂದೊಂದು. ಮೊದಲು ಮಾಡಿಸಿದವರು ವಸೂಲಿಯ ಸಾಲಿನಲ್ಲಿ ಮೊದಲು. ಆಮೇಲೆ ವಿಮಾನ ಎಲ್ಲಿಗೆ ಹೋದರೂ ಹಕ್ಕು ಅದರ ಜೊತೆಯಲ್ಲೇ ಹೋಗುತ್ತದೆ. ಅಧಿಕಾರಿಗಳು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದರೂ ನಡೆಯುತ್ತದೆ. ನಗಬೇಡಿ ಸಾರ್, ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ.

ನಮ್ಮ ಹಕ್ಕು ಹಾಗಲ್ಲ. ರಿಪೇರಿ ಮಾಡಿದವರು ತಮ್ಮ ಕೂಲಿ ಕೈಸೇರುವವರೆಗೆ ವಿಮಾನವನ್ನು ಹಿಡಿದಿಟ್ಟುಕೊಳ್ಳಬಹುದು. ಹಿಡಿದಿಟ್ಟುಕೊಂಡಷ್ಟು ದಿನ ಬ್ಯಾಂಕಿಗಿಂತ ನಾವೇ ಮುಂದೆ. ಆದರೆ ಅದು ನಮ್ಮ ವಶದಲ್ಲೇ ಇರಬೇಕು. ಅಗೋ, ಆ ದೊಡ್ಡ ಬಾಗಿಲು ದಾಟಿತೋ, ನಮ್ಮ ಹಕ್ಕು ಹೋಯಿತು. ಸಂಜೆ ವಾಪಸ್ಸು ಬಂದು ನಿಂತರೂ ಹೋದದ್ದು ಹೋದದ್ದೇ.

ಇಷ್ಟಕ್ಕೂ ಈ ವಿಮಾನದ ಮಾಲೀಕ ಯಾರು? ನಿಮಗೂ ಗೊತ್ತು, ಬ್ಯಾಂಕಿಗೂ ಗೊತ್ತು. ನನ್ನ ಒಡಹುಟ್ಟಿದ ತಮ್ಮ. ಒಂದೇ ವಿಮಾನದ ಕಂಪನಿ ಅವನದು. ಪೈಲಟ್ಟೂ ಅವನೇ, ಮ್ಯಾನೇಜರೂ ಅವನೇ, ಫೋನ್ ಎತ್ತುವವನೂ ಅವನೇ. ಚಿಕ್ಕಂದಿನಲ್ಲಿ ಇದೇ ಶೆಡ್ಡಿನಲ್ಲಿ, ಬಿಚ್ಚಿಟ್ಟ ಸೀಟಿನ ಮೇಲೆ ಕುಳಿತು ವಿಮಾನ ಓಡಿಸುತ್ತಿದ್ದ. ನಾನು ಪ್ರಯಾಣಿಕಳು. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾನೆಂದು ಒಂದು ದಿನವೂ ಬಾಯಿ ಬಿಟ್ಟವನಲ್ಲ.

ರಿಪೇರಿ ಮುಗಿದರೂ ಕೂಲಿ ಕೊಡಲು ಅವನ ಬಳಿ ಹಣವಿರಲಿಲ್ಲ. ಕಂಪನಿ ಕುಸಿಯುತ್ತಿದ್ದ ಹೊತ್ತಿಗೆ ಇಲ್ಲಿಗೆ ಬಂದ. ದೊಡ್ಡದೊಂದು ಸರಕಿನ ಕೆಲಸ ಸಿಕ್ಕಿತ್ತು, ಅದೊಂದು ಆದರೆ ಉಸಿರಾಡಬಹುದು ಎಂದ.

“ಒಂದೇ ಒಂದು ಸರ್ತಿ ಬಿಡಕ್ಕಾ. ಇಳಿಸಿ, ಹಂಗೇ ತಂದು ಇಲ್ಲೇ ನಿಲ್ಲಿಸ್ತೀನಿ.”

ಆಗುವುದಿಲ್ಲ ಎಂದೆ. ಬಾಗಿಲು ದಾಟಿದರೆ ಇಲ್ಲಿ ಕುಳಿತಿರುವ ಇಷ್ಟೂ ಜನರ ದುಡಿಮೆ ಗಾಳಿಗೆ ಹೋಗುತ್ತಿತ್ತು.

“ನಾನು ನಿನ್ನ ತಮ್ಮನಾ, ಗಿರಾಕಿನಾ?” ಎಂದು ಕೇಳಿದ.

“ಈ ಬಾಗಿಲೊಳಗೆ ಗಿರಾಕಿ,” ಎಂದೆ.

ಅವತ್ತು ಮಾತು ಬಿಟ್ಟ. ಕಂಪನಿಯೂ ಮುಳುಗಿತು. ಇವತ್ತು ಕೇಳಿದರೂ ಅದೇ ಉತ್ತರ ಕೊಡುತ್ತೇನೆ, ಸಭಿಕರೇ. ಆದರೆ ಆ ದನಿಯಲ್ಲಿ ಕೊಡುವುದಿಲ್ಲ.

ನಿಂತ ವಿಮಾನಕ್ಕೆ ಆರೈಕೆ ಬೇಕು. ಚಕ್ರಗಳನ್ನು ಆಗಾಗ ಒಂದಿಷ್ಟು ಉರುಳಿಸದಿದ್ದರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಅದನ್ನು ಮಾಡಲು ನಮ್ಮಲ್ಲಿ ಜನರಿಲ್ಲವೇ? ಬೇಕಾದಷ್ಟು ಇದ್ದಾರೆ. ಆದರೂ ಪ್ರತಿ ಭಾನುವಾರ ಅವನೇ ಬರುತ್ತಿದ್ದ. ಸ್ಪ್ಯಾನರ್ ಮಾಮನನ್ನು ಮಾತನಾಡಿಸುತ್ತಿದ್ದ, ವಾಚ್‌ಮನ್ನನ ಮೊಮ್ಮಗಳನ್ನು ಮಾತನಾಡಿಸುತ್ತಿದ್ದ, ನನ್ನ ಕಚೇರಿಯ ಕಿಟಕಿಯ ಕಡೆ ತಿರುಗುತ್ತಿರಲಿಲ್ಲ. ಕ್ಯಾರಿಯರಿನಲ್ಲಿ ಊಟ ಕಳಿಸಿದರೆ ಕಳಿಸಿದ ಹಾಗೆಯೇ ವಾಪಸ್ಸು ಬರುತ್ತಿತ್ತು. ಹಟಮಾರಿ. ನಾನೇನು ಕಡಿಮೆಯೇ? ಕಿಟಕಿಯಿಂದಲೇ ನೋಡುತ್ತಿದ್ದೆ. ಈ ವಾರ ಸೊರಗಿದ್ದಾನೆ, ಈ ವಾರ ಪರವಾಗಿಲ್ಲ, ಕ್ಷೌರ ಮಾಡಿಸಿಕೊಂಡಿದ್ದಾನೆ. ಕಿಟಕಿಯಿಂದ ಅಷ್ಟು ತಿಳಿಯುತ್ತದೆ.

ಹೋದ ತಿಂಗಳು ಬ್ಯಾಂಕಿನವರು ದೊಡ್ಡ ಮನಸ್ಸು ಮಾಡಿದರು. ನಿಮ್ಮ ಕೂಲಿ ಚುಕ್ತಾ ಮಾಡುತ್ತೇವೆ, ನಮ್ಮ ಸಾಲಕ್ಕೆ ವಿಮಾನ ಬಿಟ್ಟುಕೊಡಿ ಎಂದರು. ಗೆದ್ದ ಹಾಗೆ ತಾನೇ? ನಾನು ಕುಣಿಯಬೇಕಿತ್ತು. ನನಗೆ ಖುಷಿಯೇ ಆಗಲಿಲ್ಲ. ವಕೀಲರ ಕಚೇರಿಗೆ ಹೋಗಿ, ಇನ್ನೊಂದಿಷ್ಟು ದಿನ ಇಟ್ಟುಕೊಳ್ಳಲು ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಮೇಡಂ, ನಿಮಗೆ ಕೂಲಿ ಬೇಕಾ, ವಿಮಾನ ಬೇಕಾ?”

ಏನೆಂದು ಹೇಳಲಿ? ವಿಮಾನ ಹೋದರೆ ಇನ್ನು ಭಾನುವಾರ ಅವನು ಬರುವುದಿಲ್ಲ ಎಂದು ಹೇಳಲೇ? ಅದಕ್ಕೆ ಯಾವ ಸೆಕ್ಷನ್ನು ಹಚ್ಚುತ್ತಾರೆ? ಇದನ್ನೆಲ್ಲ ಇಲ್ಲಿ ಹೇಳಬೇಕೆಂದು ಬಂದವಳಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಸಹಿ ಹಾಕಿದ್ದೇನೆ, ಹಣ ಬಂದಿದೆ, ನಿಮ್ಮೆಲ್ಲರ ಬಾಕಿ ನಾಳೆಯೇ ಕೈಗೆ ಬರುತ್ತದೆ. ಚಪ್ಪಾಳೆ ಆಮೇಲೆ ಹೊಡೆಯಿರಿ.

ಈ ಮಾದರಿಯ ವಿಮಾನ ಹಾರಿಸುವ ಪೈಲಟ್ ಹತ್ತಿರದಲ್ಲಿ ಒಬ್ಬನೇ. ಹಾಗಾಗಿ ಬ್ಯಾಂಕಿನವರು ಅವನನ್ನೇ ಗೊತ್ತು ಮಾಡಿದ್ದಾರೆ. ತನ್ನದಾಗಿದ್ದ ವಿಮಾನವನ್ನು ತಾನೇ ಒಯ್ದು ಅವರಿಗೆ ಒಪ್ಪಿಸಬೇಕು. ಅಲ್ಲಿ, ಕೊನೆಯ ಸಾಲಿನ ಹಿಂದೆ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಾನೆ. ಅಧ್ಯಕ್ಷರ ಅಪ್ಪಣೆ ಪಡೆದು ಅವನಿಗೆ ಎರಡು ಮಾತು ಹೇಳುತ್ತೇನೆ.

ಲೋ, ಇಲ್ಲಿ ನೋಡು. ಭಾನುವಾರ ಬಾ. ಇಲ್ಲಿ ನಿನಗೆ ಮಾಡೋಕೆ ಏನೂ ಇರಲ್ಲ, ಗೊತ್ತು. ಅಕ್ಕನ ಹತ್ರ ಬರೋದಕ್ಕೆ ಕೆಲಸ ಇರಬೇಕಾ? ಸುಮ್ಮನೆ ಬಾ. ಬಂದು ಮಾತಾಡದೆ ಕೂತಿದ್ದು ಹೋಗು, ಅದೂ ಸರಿನೇ. ಇನ್ನು ಮುಂದೆ ಕಿಟಕಿಯಿಂದ ನೋಡೋದು ನನ್ನ ಕೈಲಾಗಲ್ಲಪ್ಪ.

ಏನಂದೆ? ಕೇಳಿಸಲಿಲ್ಲ, ಜೋರಾಗಿ ಹೇಳು.

ಊಟಕ್ಕೆ ಏನು ಮಾಡ್ತೀಯಾ ಅಂತ ಕೇಳ್ತಿದ್ದಾನೆ.

ಸಭಿಕರೇ, ಎರಡು ವರ್ಷದಲ್ಲಿ ನನ್ನ ತಮ್ಮ ನನ್ನೊಡನೆ ಆಡಿದ ಮೊದಲ ಮಾತು ಇದು. ಇದಕ್ಕೆ ಉತ್ತರವನ್ನು ಮೈಕಿನಲ್ಲಿ ಹೇಳುವುದಿಲ್ಲ, ಇಳಿದು ಹೋಗಿ ಹೇಳುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆ, ಕಾದು ಕುಳಿತ ಅಧಿಕಾರಿಗಳಿಗೆ, ಟೀ ಆರದಂತೆ ನೋಡಿಕೊಂಡವರಿಗೆ ನನ್ನ ವಂದನೆಗಳು. ಸ್ವಲ್ಪ ದಾರಿ ಬಿಡಿ. ನಮಸ್ಕಾರ.