ಅವಳು ಕರೆಸಿದ್ದು ನಿನ್ನನ್ನ

ಹಲೋ... ಯಾರು ಮಾತಾಡ್ತಿರೋದು?

...ಓ, ಪುಟಾಣೀನಾ. ನಾನು ಕಣೋ, ಅತ್ತೆ. ಹಾಂ, ಅದೇ ಅತ್ತೆ, ನಿಂಗೆ ಇನ್ನೆಷ್ಟು ಜನ ಅತ್ತೇರಿದಾರೆ? ಅಪ್ಪಂಗೆ ಕೊಡು ಫೋನು.

...ಸ್ನಾನಕ್ಕೆ ಹೋಗಿದಾರಾ? ಮತ್ತೆ ನಿನ್ನ ಹಿಂದೆ ಕೆಮ್ಮಿದ್ದು ಯಾರು?

...ಹಾಗಂತ ಹೇಳು ಅಂದ್ರಾ ಅಪ್ಪ. ಸರಿ ಮರಿ, ನಿಂದೇನು ತಪ್ಪಿಲ್ಲ. ಈಗ ನಾನು ಹೇಳಿದ್ದನ್ನ ಹೇಳು. ಅತ್ತೆ ಲೈನಲ್ಲೇ ಇರ್ತಾರಂತೆ, ಅಪ್ಪ ನಿಧಾನಕ್ಕೆ ತಲೆ ಒರೆಸ್ಕೊಂಡು, ಬಟ್ಟೆ ಹಾಕ್ಕೊಂಡು ಬರಬೇಕಂತೆ. ಹೋಗು.

...ಹಾಂ. ಬಂದ್ಯಾ. ಬೇಗ ಮುಗೀತು ಸ್ನಾನ.

...ಇದು ಆಸ್ಪತ್ರೆ ಲಾಂಡ್ರಿಯ ಫೋನು, ಅದಕ್ಕೇ ನಿಂಗೆ ಗುರುತು ಸಿಕ್ಕಿಲ್ಲ. ನನ್ನ ನಂಬರ್ ನೋಡಿದ್ರೆ ನೀನು ಎತ್ತಲ್ಲ ಅಂತ ಈಗೀಗ ಗೊತ್ತಾಗ್ತಾ ಇದೆ... ಇರಲಿ ಬಿಡು. ನೀನು ವ್ಯಾನ್ ಓಡಿಸ್ತಿದ್ದೆ, ಸ್ಕೂಲ್ ಮಕ್ಕಳು ಗಲಾಟೆ ಮಾಡ್ತಿದ್ವು, ಕೇಳಿಸ್ಲಿಲ್ಲ. ಒಪ್ಕೊಂಡೆ. ಸ್ವಲ್ಪ ಗಟ್ಟಿಯಾಗಿ ಮಾತಾಡು, ನನ್ನ ಜೊತೆ ಕೆಲಸ ಮಾಡೋ ಅಜ್ಜಿ ಬೆಡ್‌ಶೀಟ್ ಹಿಂಡೋ ಮಷೀನು ಹಾಕಿದಾರೆ.

...ಮಗಳ ವಿಷಯಕ್ಕೇ. ಇನ್ಯಾವ ವಿಷಯಕ್ಕೆ ಮಾಡ್ತೀನಿ? ನಾಳೆ ಬೆಳಿಗ್ಗೆ ಅವಳನ್ನ ಕೋರ್ಟಿಗೆ ಕರೆದಿದಾರೆ.

...ಹಾಂ, ಕೋರ್ಟು. ನೀನು ಸರಿಯಾಗೇ ಕೇಳಿಸ್ಕೊಂಡೆ. ಪೊಲೀಸರು ಬರೀ ಎಚ್ಚರಿಕೆ ಕೊಟ್ಟು ಬಿಟ್ರು ಅಂತ ನಮಗೆ ಹೇಳಿದ್ದು ನೀನೇ ಅಲ್ವಾ? ನಮ್ಮನೆ ಬಾಗಿಲಲ್ಲಿ ನಿಂತ್ಕೊಂಡು ಹೇಳ್ದೆ. ಇವರು ನಿನ್ನ ಎರಡೂ ಕೈ ಹಿಡ್ಕೊಂಡು, ನೀನಿಲ್ದಿದ್ರೆ ನಮ್ಮ ಗತಿ ಏನು ಅಂದ್ರು. ನೀನು ಪರವಾಗಿಲ್ಲ ಬಿಡಿ ಭಾವ ಅಂದೆ. ಕಾಫಿ ಕುಡಿದು ಹೋದೆ.

...ಎಚ್ಚರಿಕೆ ಅಲ್ಲ ಕಣೋ. ಆಯುಧ ಇಟ್ಕೊಂಡು ಓಡಾಡ್ತಿದ್ಲು ಅಂತ ಕೇಸು.

...ಆಯುಧ ಅಂದ್ರೆ ಆ ಚಾಕು. ಸ್ಪಂಜು ಕತ್ತರಿಸೋದು. ಸೋಫಾ ಅಂಗಡೀಲಿ ಕೆಲಸ ಕಲೀತಿರೋ ಹುಡುಗಿ ಚೀಲದಲ್ಲಿ ಇನ್ನೇನಿರತ್ತೆ, ವೀಣೆ ಇರತ್ತಾ?

...ತಡಿ, ತಡಿ. ಮಧ್ಯೆ ಬಾಯಿ ಹಾಕ್ಬೇಡ. ಲಾಯರಮ್ಮ ನಂಗೆ ಹೇಗೆ ಹೇಳಿದ್ರೋ ಹಾಗೇ ಹೇಳ್ತೀನಿ, ನಡುವೆ ತಡೆದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗತ್ತೆ ನಾನು... ಸರ್ಕಾರದಿಂದ ಕೊಟ್ಟ ಲಾಯರು. ಚಿಕ್ಕ ವಯಸ್ಸು, ಆದ್ರೆ ಚುರುಕು. ಇವತ್ತು ಬೆಳಿಗ್ಗೆ ಕೂರಿಸ್ಕೊಂಡು ಎಲ್ಲಾ ಬಿಡಿಸಿ ಹೇಳಿದ್ರು.

...ಅವತ್ತು ರಜಾ ದಿನ ಅಲ್ವಾ, ಅಂಗಡಿ ಮುಚ್ಚಿತ್ತು. ಬಸ್ ಸ್ಟಾಪಲ್ಲಿ ಇಬ್ಬರು ಪೊಲೀಸರು ಬಂದು ಚೀಲ ತೋರ್ಸು ಅಂದಿದಾರೆ. ಇವಳು, ಯಾಕೆ ನಿಲ್ಸಿದ್ರಿ ಸಾರ್, ನಿಮ್ಮ ಹೆಸರೇನು, ಯಾವ ಠಾಣೆ ಅಂತ ಕೇಳಿದಾಳೆ. ಮೈ ಮುಟ್ಟೋದಾದ್ರೆ ಹೆಂಗಸು ಪೊಲೀಸರೇ ಬರಲಿ ಅಂದಿದಾಳೆ. ಫೋನ್ ಲಾಕ್ ತೆಗಿ ಅಂದ್ರೆ ತೆಗೆಯಲ್ಲ ಅಂದಿದಾಳೆ. ಜೋರಾಗಿ ಅಲ್ವಂತೆ, ಮೆಲ್ಲಗೇ ಹೇಳಿದಾಳೆ. ಅಷ್ಟೂ ಸರಿಯಾಗೇ ಮಾಡಿದಾಳೆ ನಿಮ್ಮ ಮಗಳು ಅಂದ್ರು ಲಾಯರಮ್ಮ, ದೊಡ್ಡೋರಿಗೇ ಇಷ್ಟು ಬಾಯಿಗೆ ಬರಲ್ಲ ಅಂದ್ರು.

...ಎಲ್ಲಿ ಕಲಿತಳು ಅಂತ ಕೇಳ್ತೀಯಲ್ಲ! ಮರೆತೇಬಿಟ್ಯಾ? ನಮ್ಮ ಅಡುಗೆಮನೇಲಿ. ಯುವಜನ ಕೇಂದ್ರದಲ್ಲಿ ಕ್ಲಾಸು ಮಾಡಿದ್ರು, ಪೊಲೀಸರು ತಡೆದ್ರೆ ಹುಡುಗ್ರು ಏನು ಮಾಡ್ಬೇಕು ಅಂತ, ಅದನ್ನ ಮನೆಗೆ ಬಂದು ಅಭ್ಯಾಸ ಮಾಡಿದ್ಲು. ನಾನು ಪೊಲೀಸು. ಕೈಯಲ್ಲಿ ಸೌಟು. ಏಯ್ ಹುಡುಗಿ, ಚೀಲದಲ್ಲೇನಿದೆ ಅಂತ ನಾನು ಗದರಿಸಿದ್ರೆ ಅವಳಿಗೆ ನಗು. ನೀನು ಕಟ್ಟೆ ಮೇಲೆ ಕೂತು, ಅಕ್ಕ, ನೀನು ಇಷ್ಟು ಒಳ್ಳೆ ಪೊಲೀಸಾದ್ರೆ ಕಳ್ಳರೆಲ್ಲ ಬಂದು ಊಟಕ್ಕೆ ಕೂರ್ತಾರೆ ಅಂದೆ.

...ನೆನಪಾಯ್ತಲ್ಲ. ಆಮೇಲಿಂದೂ ನೆನಪಿದ್ಯಾ? ಹದಿನೆಂಟು ತುಂಬಿಲ್ದೇ ಇರೋರನ್ನ ವಿಚಾರಣೆ ಮಾಡ್ಬೇಕಾದ್ರೆ ನಂಬಿಕೆಯಿರೋ ದೊಡ್ಡೋರೊಬ್ಬರು ಪಕ್ಕದಲ್ಲಿರಬೇಕಂತೆ, ಯಾರನ್ನ ಕರೆಸ್ಲಿ ಅಂತ ಅವಳು ಕೇಳಿದ್ಲು. ನಮ್ಮನ್ನಲ್ಲದೇ ಇನ್ಯಾರನ್ನ ಅಂತ ನಾನು ಬಾಯಿ ತೆಗೆಯೋದ್ರಲ್ಲಿ, ನನ್ನ ಕರೆಸು ಅಂದೋನು ನೀನು. ನಿಮ್ಮಪ್ಪ ಸಿಟ್ಟಿಗೆದ್ದು ಮೇಜು ಗುದ್ದಿ ಅವರೂ ಒಳಗೆ ಹೋಗ್ತಾರೆ, ನಿಮ್ಮಮ್ಮ ಅತ್ತು ಠಾಣೆ ತೇಲಿಸಿಬಿಡ್ತಾಳೆ, ಮಾವನ್ನ ಕರೆಸು ಅಂದೆ.

...ಕರೆಸಿದ್ಲು. ಅವತ್ತು ನೀನು ಬರೋವರೆಗೂ ಠಾಣೆ ಬೆಂಚಿನ ಮೇಲೆ ಕೂತು ಒಂದು ಮಾತೂ ಆಡಿಲ್ಲ. ಹೆದರಿಸಿದ್ರಂತೆ, ಆಮೇಲೆ ಬಿಸ್ಕತ್ತು ಕೊಟ್ರಂತೆ. ನಮ್ಮ ಮಾವ ಬರಲಿ ಅಂದಳಂತೆ, ಅಷ್ಟೇ. ನನ್ನನ್ನ ಕರೀಲಿಲ್ವಲ್ಲ ಅನ್ನಿಸ್ತು, ಸುಳ್ಳು ಹೇಳಲ್ಲ, ಹೆತ್ತೋಳು ನಾನು. ಆದ್ರೂ ಹೆಮ್ಮೇನೇ ಪಟ್ಟೆ. ನನ್ನ ತಮ್ಮನ್ನ ಕರೆದಳಲ್ಲ ಅಂತ.

...ಅದೇ ನಾನು ಹೇಳ್ತಿರೋದು. ಅಲ್ಲಿವರೆಗೂ ಎಲ್ಲಾ ಸರಿ. ಆಮೇಲೆ ಒಂದು ಕಾಗದಕ್ಕೆ ಸಹಿ ಹಾಕಿದಾಳೆ. ನನ್ನ ರಕ್ಷಣೆಗೋಸ್ಕರ ಚಾಕು ಇಟ್ಕೊಂಡಿದ್ದೆ ಅಂತ ಬರೆದಿದೆಯಂತೆ ಅದರಲ್ಲಿ. ಅವಳು ಹಾಗೆ ಹೇಳೋಳಲ್ಲ. ಲಾಯರಿಲ್ದೆ ಸಹಿ ಹಾಕೋ ಅಗತ್ಯಾನೇ ಇರ್ಲಿಲ್ವಂತೆ. ಯಾಕೆ ಹಾಕ್ದೆ ಅಂತ ಲಾಯರಮ್ಮ ಕೇಳಿದ್ರೆ ತಲೆ ಬಗ್ಗಿಸ್ಕೊಂಡು ಕೂತಿದ್ಲು. ನಾನೂ ಕೇಳ್ದೆ. ಇವರೂ ಕೇಳಿದ್ರು. ಉಹುಂ.

...ಹಾಂ, ನಿಂಗೆ ಗಾಬರಿಯಾಗಿರತ್ತೆ, ಬೇಗ ಮನೆಗೆ ಕರ್ಕೊಂಡು ಹೋಗೋಣ ಅಂತ ಹಾಕು ಅಂದಿರ್ತೀಯ. ನಾನು ಅದಕ್ಕೆ ಬೈಯೋಕೆ ಫೋನ್ ಮಾಡಿಲ್ಲ. ನಾನೂ ಇದ್ದಿದ್ರೆ ಅದೇ ಮಾಡ್ತಿದ್ದೆನೋ ಏನೋ. ಈಗ ಆಗ್ಬೇಕಾಗಿರೋದು ಕೇಳು. ನಾಳೆ ನೀನು ಬಂದು ಎರಡು ಮಾತು ಹೇಳ್ಬೇಕು, ಅಷ್ಟೇ. ಕೆಲಸಕ್ಕೆ ಸೇರಿದಾಗ ಆ ಚಾಕು ತಂದು ಕೊಟ್ಟಿದ್ದು ನಾನು, ಅನ್ಬೇಕು. ಅವತ್ತು ಅವಳು ನಮ್ಮನೆಗೇ ಬರ್ತಿದ್ಲು, ನನ್ನ ವ್ಯಾನ್ ಸೀಟಿಗೆ ದಿಂಬು ಮಾಡಿಕೊಡೋಕೆ, ಸ್ಪಂಜು ನಮ್ಮನೇಲೇ ಇತ್ತು, ಅನ್ಬೇಕು. ಎರಡೂ ನಿಜ ತಾನೇ?

...ಅಂಗಡಿ ಯಜಮಾನ್ರನ್ನ ಆಗಲೇ ಕೇಳಿದಾರೆ. ನಮ್ಮ ಚಾಕುಗಳೆಲ್ಲ ಅಂಗಡೀಲೇ ಇವೆ, ಇದು ನಮ್ದಲ್ಲ ಅಂದಿದಾರೆ. ಅವರೇನು ಮಾಡ್ತಾರೆ ಪಾಪ, ಅವರದಲ್ವಲ್ಲ. ಅದಕ್ಕೇ ನೀನು ಬೇಕಾಗಿರೋದು. ರೈಲು ಬೋಗಿ ಕಾರ್ಖಾನೇಲಿ ಸೀಟು ವಿಭಾಗಕ್ಕೆ ಆಯ್ಕೆಯಾಗಿದಾಳೆ ಕಣೋ, ಮುಂದಿನ ತಿಂಗಳು ಸೇರ್ಬೇಕು. ಮೈಮೇಲೆ ಕೇಸು ಗಟ್ಟಿಯಾದ್ರೆ ಗೇಟಿನ ಹತ್ರಾನೂ ಬಿಡಲ್ಲ.

...ಏನು ಕಷ್ಟ? ಎರಡು ಮಾತು. ವ್ಯಾನಿಗೆ ಒಂದಿನ ಬೇರೆ ಡ್ರೈವರ್‌ನ ಹಾಕು.

...ಅಲ್ಲೇ ಕೇಳಿದ್ರು ಅಂದ್ರೆ? ಠಾಣೇಲಾ? ಚಾಕು ಯಾರದು ಅಂತ ನಿನ್ನನ್ನೇ ಕೇಳಿದ್ರಾ?... ಹಾಗಾದ್ರೆ ಆಗಲೇ ಹೇಳಿದೀಯಲ್ಲ, ಮತ್ತೆ ಯಾಕೆ ಅವರು...

...ಹೇಳು.

...ಒಂದು ನಿಮಿಷ ಇರು... ಅಜ್ಜೀ, ಆ ಮಷೀನ್ ಸ್ವಲ್ಪ ನಿಲ್ಲಿಸ್ತೀರಾ? ಹಾಂ, ಆಮೇಲೆ ಮತ್ತೆ ಹಾಕಿದ್ರಾಯ್ತು, ಶೀಟುಗಳು ಎಲ್ಲಿಗೂ ಓಡಿಹೋಗಲ್ಲ. ನಂಗೆ ಸರಿಯಾಗಿ ಕೇಳಿಸ್ಬೇಕು... ಈಗ ಹೇಳು. ಏನಂದೆ ನೀನು?

...ಈ ಚಾಕು ನೋಡೇ ಇಲ್ಲ ಅಂದ್ಯಾ.

...ನಿಮ್ಮನೆಗೆ ಬರ್ತಿದ್ಲು ಅನ್ನೋದೂ?... ಅದೂ ಗೊತ್ತಿಲ್ಲ ಅಂದ್ಯಾ.

...ಇಲ್ಲ, ಇಲ್ಲ, ಕೂಗ್ತಿಲ್ಲ ನಾನು. ಅವಳೆಲ್ಲಿದ್ಲು ಆಗ? ನೀನು ಹಾಗಂದಾಗ?

...ಎದುರಿಗೇ. ಮೇಜಿನ ಆಚೆ.

...ನಿನ್ನ ಮುಖ ನೋಡಿದ್ಲಾ?

...ನೋಡಿದ್ಲು. ಏನಂದ್ಲು?

...ಏನೂ ಅನ್ಲಿಲ್ಲ.

...ಬೇಡ, ಸಮಾಧಾನ ಮಾಡ್ಬೇಡ. ಕೂತ್ಕೊಂಡಿದೀನಿ. ಬುಟ್ಟಿ ಮೇಲೆ ಕೂತಿದೀನಿ. ಈಗ ತಿಳೀತಾ ಇದೆ ನಂಗೆ. ನೀನು ಬರೋವರೆಗೂ ಅವಳು ಬಾಯಿ ಬಿಡದೇ ಇದ್ದದ್ದು ಅವಳ ಹಕ್ಕು ಅಂತ. ನೀನು ಬಂದ ಮೇಲೆ ಬಾಯಿ ಬಿಡದೇ ಇದ್ದದ್ದು ನಿನಗೋಸ್ಕರ. ಮಾವ ಸುಳ್ಳು ಹೇಳ್ತಿದಾರೆ, ಇದನ್ನ ತಂದು ಕೊಟ್ಟಿದ್ದೇ ಅವರು ಅಂತ ಅಲ್ಲೇ ಅಂದಿದ್ರೆ ಮುಗೀತಿತ್ತು. ಅನ್ಲಿಲ್ಲ. ಸಹಿ ಹಾಕಿದ್ಲು. ಪೆನ್ನು ಯಾರದ್ದೋ?

...ಕೇಳ್ತಿದೀನಿ ಅಷ್ಟೇ. ಯಾರ ಪೆನ್ನು?... ನಿಂದೇನಾ. ಸರಿ.

...ಪರ್ಮಿಟ್ಟಾ. ಹಾಂ. ಸ್ಕೂಲ್ ವ್ಯಾನಿಗೆ ಪೊಲೀಸ್ ವರದಿ ಬೇಕು, ಈ ಸಲದ್ದು ಅದೇ ಠಾಣೇಲಿ ಕೂತಿತ್ತು. ಹಾಂ... ಚಾಕು ನಂದು ಅಂದ್ರೆ ನನ್ನನ್ನೂ ಎಳೀತಾರೆ ಅಂದ್ಕೊಂಡೆ. ಸರಿ. ಹಾಗಂತ ಅವರು ಹೆದರಿಸಿದ್ರಾ ನಿನ್ನನ್ನ? ಪರ್ಮಿಟ್ ಮಾತು ಎತ್ತಿದ್ರಾ?

...ಎತ್ತಲೇ ಇಲ್ವಾ.

...ಅಯ್ಯೋ ತಮ್ಮಾ. ಅವರು ಕತ್ತು ಹಿಡಿದಿದ್ರು ಅಂದಿದ್ರೂ ನಂಗೆ ಇಷ್ಟು ಆಗ್ತಿರ್ಲಿಲ್ಲ. ಅವರು ಕೇಳದೇ ಇರೋದನ್ನ ನೀನೇ ತಟ್ಟೇಲಿಟ್ಟು ಕೊಟ್ಟಿದೀಯಲ್ಲೋ.

...ಮಕ್ಕಳಿದಾರೆ ನಂಗೆ ಅನ್ಬೇಡ. ನಂಗೇನಿದೆ, ಮಡಕೆ ಇದ್ಯಾ? ಇವತ್ತು ಬೆಳಿಗ್ಗೆ ಲಾಯರಮ್ಮ ನಿನ್ನನ್ನ ಸಾಕ್ಷಿಗೆ ಕರೆಸೋಣ ಅಂದ್ರೆ, ಬೇಡ ಮೇಡಮ್, ಮಾವಂಗೆ ಇಬ್ಬರು ಚಿಕ್ಕ ಮಕ್ಕಳು ಅಂದ್ಲು ನನ್ನ ಮಗಳು. ನಾನು ಪೆದ್ದಿ, ನಾಚ್ಕೊಂಡಳು ಅಂದ್ಕೊಂಡೆ. ಏ ಹುಚ್ಚಿ, ನಿಮ್ಮ ಮಾವ ಕರೆಯೋಕ್ಮುಂಚೆ ಓಡಿ ಬರ್ತಾನೆ ಅಂತ ತಲೆ ಸವರಿದೆ. ಅವಳು ಕಿಟಕಿ ಕಡೆ ತಿರುಗಿದ್ಲು.

...ಹಾಂ, ಗೊತ್ತು. ಯಾವಾಗಲೂ ನಿನ್ನನ್ನ ಕಾಪಾಡಿದೀನಿ ನಾನು. ಡ್ರೈವಿಂಗ್ ಟೆಸ್ಟಲ್ಲಿ ಮತ್ತೆ ಮತ್ತೆ ಫೇಲಾದಾಗ, ಪಾಸಾದ ಅಂತ ಅಪ್ಪನ ಹತ್ರ ನಾನೇ ಸುಳ್ಳು ಹೇಳಿದ್ದೆ. ನಿನ್ನ ಮದುವೆ ಮಾತಿಗೆ ಹೋಗಿ ನಿನ್ನನ್ನ ಇಲ್ಲದ ಗುಣಕ್ಕೆಲ್ಲ ಹೊಗಳಿದ್ದೂ ನಾನೇ, ನಿನ್ನ ಹೆಂಡತಿ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ. ಅದನ್ನೆಲ್ಲ ಈಗ ಯಾಕೆ ನೆನಪಿಸ್ತಿದೀಯ? ಇದನ್ನೂ ಅದಕ್ಕೇ ಸೇರಿಸ್ಕೋ ಅಂತಾನಾ?

...ಮೊದಲ ಸಲ ಅಲ್ವಾ, ದಂಡ ಹಾಕಿ ಬಿಡ್ತಾರೆ ಅಂತ ಯಾರು ಹೇಳಿದ್ದು ನಿಂಗೆ?... ವ್ಯಾನ್ ಸ್ಟಾಂಡಲ್ಲಿ ಯಾರೋ. ಲಾಯರಮ್ಮ ಹಾಗೆ ಹೇಳ್ಲಿಲ್ಲ. ಬಿಟ್ರೂ ಕೇಸು ಹೆಸರಿನ ಮುಂದೆ ಉಳಿಯತ್ತಂತೆ. ಕಾರ್ಖಾನೆಯವರಿಗೆ ಅಷ್ಟೇ ಸಾಕು. ಅವಳು ನಿನ್ನ ಸೊಂಟ ನೋವಿಗೆ ದಿಂಬು ಮಾಡೋಕೆ ಬರ್ತಿದ್ಲು ಕಣೋ. ಡ್ರೈವರ್‌ಗಳ ಸೊಂಟ ಹಾಳಾಗೋದು ಸೀಟಿನ ಬಾಗು ಸರಿ ಇಲ್ದೇ ಅಂತೆ, ಊಟ ಮಾಡ್ತಾ ನಂಗೆ ಪಾಠ ಮಾಡಿದ್ಲು.

...ಅಳಬೇಡ. ಪುಟಾಣಿ ಪಕ್ಕದಲ್ಲೇ ಇರಬೇಕು, ಹೆದರ್ಕೊಳತ್ತೆ.

...ನನ್ನ ಮಾತು ಕೇಳು. ತಮ್ಮ ಅಂತಾನೇ ಹೇಳ್ತಿದೀನಿ ಇನ್ನೂ. ನಾಳೆ ನೀನಾಗೇ ಬಂದು, ಹೆದರಿದ್ದೆ, ಸುಳ್ಳು ಹೇಳ್ದೆ, ಚಾಕು ಕೊಟ್ಟಿದ್ದು ನಾನು, ಸಹಿ ಹಾಕು ಅಂದಿದ್ದೂ ನಾನು ಅಂತ ಹೇಳಿದ್ರೆ ಒಂದು ಥರ. ಪರ್ಮಿಟ್ ಹೋದ್ರೆ ಹೋಗತ್ತೆ. ನಾನೂ ನಿಮ್ಮ ಭಾವನೂ ಇದೀವಿ, ನಿನ್ನ ಮಕ್ಕಳು ಉಪವಾಸ ಮಲಗಲ್ಲ, ಅದು ನನ್ನ ಮಾತು. ಇಲ್ಲಾಂದ್ರೆ ಈಗ ನಂಗೆ ಹೇಳಿದ್ದಷ್ಟನ್ನೂ ಲಾಯರಮ್ಮಂಗೆ ಹೇಳ್ತೀನಿ. ಅವರು ನಿನ್ನ ಹೆಸರು ಹಿಡಿದು ಕರೆಸ್ತಾರೆ. ಆಗ ಎಲ್ಲರೆದುರಿಗೆ, ಅವಳ ಮುಖ ನೋಡ್ಕೊಂಡು, ಗೊತ್ತಿಲ್ಲ ಅಂತ ಇನ್ನೊಂದ್ಸಲ ಹೇಳ್ಬೇಕಾಗತ್ತೆ ನೀನು. ಹೇಳಕ್ಕಾಗತ್ತಾ?

...ಅಕ್ಕ ಅಕ್ಕ ಅಂತ ಕರೀಬೇಡ. ಬರ್ತೀಯೋ ಇಲ್ವೋ, ಅದನ್ನ ಹೇಳು.

...ಯೋಚನೆ ಮಾಡು. ಮಾಡು, ನಾನು ಇಟ್ಟಿಲ್ಲ. ಇಲ್ಲೇ ಇದೀನಿ.

...ಹಲೋ?

...ಹಲೋ?

...ಇಲ್ಲ ಅಜ್ಜಿ, ಫೋನ್ ಕೆಟ್ಟಿಲ್ಲ, ಚೆನ್ನಾಗೇ ಇದೆ. ಅವನೇ ಇಟ್ಟ... ನೀವು ಮಷೀನ್ ಹಾಕ್ಬೇಡಿ ಇನ್ನೂ. ಆ ಲಾಯರಮ್ಮನ ನಂಬರ್ ಬರೆದಿರೋ ಚೀಟಿ ನನ್ನ ಕೋಟಿನ ಜೇಬಲ್ಲಿದೆ, ಸ್ವಲ್ಪ ತಂದ್ಕೊಡ್ತೀರಾ? ಅವರಿಗೂ ಇದೇ ಫೋನಿಂದ ಮಾಡ್ತೀನಿ.