ಬೆಕ್ಕು ಬೀಳುವ ಬಗೆ

ಕುಮಟಾದಿಂದ ಹೊನ್ನಾವರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದವರು ಯಕ್ಷಗಾನದ ಹಾಸ್ಯಗಾರ ಮಾಬ್ಲೇಶ್ವರ ಮತ್ತು ಅವರ ತಂಗಿಯ ಮಗಳು ಅಂಕಿತಾ. ಹಳೆಯ ಬೆಕ್ಕು-ಇಲಿ ಕಾರ್ಟೂನೊಂದನ್ನು ಸಿನಿಮಾ ಮಾಡುವವರಿಗೆ ಆಕೆ ಚಿತ್ರಕಥೆ ಬರೆಯುತ್ತಿದ್ದಾಳೆಂದು ಮಾತಿನಿಂದ ತಿಳಿಯಿತು.

"ಬೆಕ್ಕು ಬೀಳೂದೇ ಬೇಡ ಹೇಳ್ತಾರೆ ಸಿನಿಮಾದವರು, ಮಾವ. ಮಕ್ಕಳ ಮನಸ್ಸಿಗೆ ಪೆಟ್ಟಾಗ್ತದಂತೆ."

"ಬೀಳದೇ ಇದ್ರೆ ಮತ್ತೆ ಎಂತ ಮಾಡ್ತದೆ?"

"ಇಲಿ ಹತ್ರ ಕೂತು ತನ್ನ ಬಾಲ್ಯದ ಕಷ್ಟ ಹೇಳ್ತದೆ."

"ಎಷ್ಟು ಹೊತ್ತು?"

"ಹನ್ನೆರಡು ನಿಮಿಷ."

"ಅಷ್ಟರಲ್ಲಿ ಇಲಿಗೆ ನಿದ್ದೆ ಬರ್ತದೆ."

"ತಮಾಷೆ ಬೇಡ. ನಾನು ಸಂಜೆ ಒಳಗೆ ಒಪ್ಪದೇ ಇದ್ರೆ ಬೇರೆಯವರ ಹತ್ರ ಬರೆಸ್ತಾರೆ. ಬಿದ್ದದ್ದಕ್ಕೆ ಜನ ಯಾಕೆ ನಗ್ತಾರೆ, ಅದನ್ನ ಹೇಳಿ."

"ಬಿದ್ದದ್ದಕ್ಕೆ ಯಾರೂ ನಗೂದಿಲ್ಲ. ರಂಗದ ಮೇಲೆ ನಾವು ಎದ್ದು, ಮೈ ಕೊಡವಿ, ಪದ ಹೇಳೂ ಭಾಗವತ್ರಿಗೇ ಜೋರು ಮಾಡೂದು. ಅದಕ್ಕೆ ನಗೂದು."

"ಸಿನಿಮಾದಲ್ಲಿ ಭಾಗವತ್ರು ಎಲ್ಲಿ?"

"ಇಲಿ ಇಲ್ವಾ? ಆತು, ಕರ್ಕಿ ಬಂತು, ಇಳಿ."

ಮೊದಲು ಇಳಿದ ಮಾಬ್ಲೇಶ್ವರ ಕೊನೆಯ ಮೆಟ್ಟಿಲಲ್ಲಿ ಜಾರಿ ನೆಲಕ್ಕೆ ಕೂತುಬಿಟ್ಟರು. ಬಸ್ಸಿನಲ್ಲಿದ್ದವರೆಲ್ಲ ಗಾಬರಿಯಿಂದ ಕಿಟಕಿಗೆ ಬಗ್ಗಿದರು. ಅವರು ಎದ್ದು, ಪಂಚೆ ಕೊಡವಿ, ಕಂಡಕ್ಟರನತ್ತ ತಿರುಗಿದರು.

"ಕರ್ಕಿ ತನಕ ಟಿಕೆಟ್ ಕೇಳಿದ್ರೆ ನೆಲದ ತನಕ ಕೊಟ್ಟಿಯಲ್ಲೋ!"

ಇಡೀ ಬಸ್ಸು ನಕ್ಕಿತು. ಕಂಡಕ್ಟರನೂ ನಕ್ಕ. ಅಂಕಿತಾ ಮಾತ್ರ ನಗಲಿಲ್ಲ. ಕೆಳಗಿಳಿದವಳೇ ನನ್ನ ಕಿಟಕಿಯ ಪಕ್ಕ ನಿಂತು ಫೋನು ಕಿವಿಗಿಟ್ಟಳು.

"ಸರ್, ಬೆಕ್ಕು ಬೀಳ್ತದೆ. ಬೇಡ ಅಂದ್ರೆ ಬೇರೆಯವರ ಹತ್ರ ಬರೆಸಿ."

ಅಷ್ಟು ಹೇಳಿ ಮಾವನ ಹಿಂದೆ ನಡೆದಳು.